ಗಿಲಗಿಲ ಅನ್ನದ ಮೆಣಸಿನಕಾಯಿ

ನಮ್ಮ ಮನೆಯ ಒಲೆಯ ಮೇಲಿದ್ದ ಅಟ್ಟವನ್ನು ನೆನೆಸಿಕೊಂಡರೆ ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಮನೆ ಬಿದ್ದು ಎಷ್ಟೋ ಕಾಲವಾಯಿತು. ಅಟ್ಟದ ತೊಲೆಗಳನ್ನು ದಾಯಾದಿಗಳು ಬಿಚ್ಚಿಕೊಂಡು ಹೋಗಿ ಕೊಟ್ಟಿಗೆಗೆ ಹಾಕಿಕೊಂಡರು. ಅಜ್ಜಿ ಮಣ್ಣು ಸೇರಿದಳು. ಸಿಟ್ಟು ಮಾತ್ರ ಎಲ್ಲಿಗೂ ಹೋಗಿಲ್ಲ. ಸಿರಾದಿಂದ ತಾವರೆಕೆರೆ ಕಡೆಗೆ ಗಾಡಿ ಕಟ್ಟಿದರೆ ನಡುವೆ ಸಿಗುವ ಊರು ನಮ್ಮದು. ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಮೊದಲು ದನ, ಆಮೇಲೆ ಜನ. ದನ ಕಟ್ಟುವ ಜಾಗಕ್ಕಿಂತ ಒಂದು ಮೊಳ ಎತ್ತರಕ್ಕೆ ನಡುಮನೆ, ಅದರ ಗೋಡೆಯಲ್ಲಿ ಹೊಗೆ ಹಿಡಿದ ಮಹಾರಾಜರ ಪಟ, ಅದರ ಕೆಳಗೆ ರಾಗಿ ತುಂಬುವ ಮಣ್ಣಿನ ವಾಡೆ. ಒಳಗಡೆ ಅಡಿಗೆಮನೆ. ಅಡಿಗೆಮನೆಗೆ ಕಿಟಕಿ ಅನ್ನುವುದೇ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಗವಾಕ್ಷಿ ಇತ್ತು, ಮಧ್ಯಾಹ್ನವಾದರೆ ಅದರಿಂದ ಒಂದು ಬಿಸಿಲ ಕೋಲು ನೆಟ್ಟಗೆ ನೆಲಕ್ಕೆ ಇಳಿಯುತ್ತಿತ್ತು. ಒಂದು ಮೂಲೆಯಲ್ಲಿ ನೀರಿನ ಗಡಿಗೆಗಳು, ಎದುರು ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಆಳೆತ್ತರದಲ್ಲಿ ಅಟ್ಟ.

ಆ ಅಟ್ಟದ ಮೇಲೆ ಏನಿಟ್ಟರೂ ಒಣಗುತ್ತಿತ್ತು. ಹುಣಸೆಹಣ್ಣು ಕಲ್ಲಾಗುತ್ತಿತ್ತು. ಮೆಣಸಿನಕಾಯಿಯನ್ನು ಇಟ್ಟ ಮೂರನೆಯ ದಿನಕ್ಕೆ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಗಿಲ ಅನ್ನುತ್ತಿತ್ತು. ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಶಿವರಾತ್ರಿ ಕಳೆದ ಮೇಲೆ ಪಾವಗಡದ ದಿಕ್ಕಿನಿಂದ ಬಿಸಿಗಾಳಿ ಬೀಸಲು ಶುರುವಾದರೆ ತುಟಿ ಒಡೆಯುತ್ತಿತ್ತು, ಹಿಮ್ಮಡಿ ಸೀಳುತ್ತಿತ್ತು, ಬಾವಿಯ ಹತ್ತಿರ ಒಗೆದು ಹೆಗಲಿಗೆ ಹಾಕಿಕೊಂಡ ಸೀರೆ ಮನೆಗೆ ಬರುವಷ್ಟರಲ್ಲಿ ಒಣಗಿರುತ್ತಿತ್ತು. ಅಂಥ ಕಾಲದಲ್ಲಿ, ಅಂಥ ಜಾಗದಲ್ಲಿ, ಕೆಳಗೆ ಮೂರು ಹೊತ್ತೂ ಉರಿಯುವ ಒಲೆಯ ಮೇಲೆ ನಮ್ಮ ಅಜ್ಜಿ ಕಾವಿನ ಹೇಟೆಕೋಳಿಯನ್ನು ಮೊಟ್ಟೆಗಳ ಮೇಲೆ ಕೂರಿಸುತ್ತಿದ್ದಳು. ಯಾಕೆ ಅಂದರೆ ಅಲ್ಲಿಗೆ ಬೆಕ್ಕು ಹತ್ತುವುದಿಲ್ಲ, ಮುಂಗುಸಿ ಬರುವುದಿಲ್ಲ, ಕೇರೆಹಾವು ಬರುವುದಿಲ್ಲ, ಮತ್ತೆ ಅವಳ ಅತ್ತೆಯೂ ಅಲ್ಲೇ ಕೂರಿಸುತ್ತಿದ್ದಳು. ಮೊಟ್ಟೆಯೊಳಗೆ ಇರುವುದೂ ಒಂದು ಹಸಿ ಜೀವ, ಅದೂ ಮೆಣಸಿನಕಾಯಿಯ ಹಾಗೆ ಒಣಗಬಹುದು ಅಂತ ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಕೂರಿಸುವುದಕ್ಕೆ ಒಂದು ಕ್ರಮ ಇತ್ತು. ಬಿದಿರಿನ ಕುಕ್ಕೆಯ ತಳಕ್ಕೆ ಜರಡಿ ಹಿಡಿದ ಒಲೆಬೂದಿ, ಕೋಳಿಹೇನು ಆಗದಿರಲಿ ಅಂತ. ಅದರ ಮೇಲೆ ರಾಗಿಹುಲ್ಲು. ಹುಲ್ಲಿನ ಮೇಲೆ ಹದಿಮೂರು ಮೊಟ್ಟೆ, ಸಿಡಿಲಿಗೆ ಹೆದರದಿರಲಿ ಅಂತ ಒಂದು ಮುರುಕು ಕುಡುಗೋಲು, ಒಂದು ಇದ್ದಿಲು. ಕುಕ್ಕೆಯ ಅಂಚಿಗೆ ಒಂದು ನೂಲು ಕಟ್ಟಿ ದಿನಕ್ಕೊಂದು ಗಂಟು ಹಾಕಬೇಕು, ಇಪ್ಪತ್ತೊಂದನೆಯ ಗಂಟಿಗೆ ಮರಿ. ಮಳೆಗಾಲದಲ್ಲಿ, ಕಾರ್ತಿಕದಲ್ಲಿ ಅಜ್ಜಿಯೇ ಅಟ್ಟ ಹತ್ತಿ ಕೂರಿಸುತ್ತಿದ್ದಳು. ಹದಿಮೂರಕ್ಕೆ ಹನ್ನೊಂದೋ ಹನ್ನೆರಡೋ ಮರಿ ಆಗುತ್ತಿದ್ದವು. ಬೇಸಿಗೆ ಬಂದರೆ, ಅಟ್ಟದ ಸೆಕೆಗೆ ತಲೆ ಸುತ್ತುತ್ತದೆ ಅಂತ ಅದೇ ಕೆಲಸವನ್ನು ಅವ್ವನಿಗೆ ಹೇಳುತ್ತಿದ್ದಳು. ಹದಿಮೂರಕ್ಕೆ ಎರಡು ಆಗುತ್ತಿದ್ದವು, ಕೆಲವು ಸಲ ಅದೂ ಇಲ್ಲ. ವರ್ಷ ವರ್ಷವೂ ಹೀಗೇ. ಅತ್ತೆ ಕೂರಿಸಿದ್ದು ಹಸಿಗಾಳಿಯಲ್ಲಿ, ಸೊಸೆ ಕೂರಿಸಿದ್ದು ಒಣಗಾಳಿಯಲ್ಲಿ. ಇಷ್ಟು ಕಣ್ಣಿಗೆ ಹೊಡೆಯುವ ಹಾಗಿದ್ದರೂ ಮನೆಮಂದಿಯೆಲ್ಲ ಸೇರಿ ಕಂಡುಕೊಂಡದ್ದು ಒಂದೇ ಮಾತು, ಅಜ್ಜಿಯ ಕೈಗುಣ ಒಳ್ಳೆಯದು, ಅವ್ವನ ಕೈಗುಣ ಕೆಟ್ಟದ್ದು.

ಕೈಗುಣ ಅಂದರೆ ಅದು ಕೋಳಿಗೆ ನಿಲ್ಲುವ ಮಾತಲ್ಲ. ಅವ್ವ ಹೆಪ್ಪು ಹಾಕಿದ ಹಾಲು ಒಂದು ದಿನ ನೀರೊಡೆಯಿತು, ಅವತ್ತಿನಿಂದ ಹೆಪ್ಪು ಹಾಕುವ ಹಾಗಿಲ್ಲ. ಉಪ್ಪಿನಕಾಯಿ ಗಡಿಗೆಗೆ ಕೈ ಹಾಕುವ ಹಾಗಿಲ್ಲ. ಬಿತ್ತನೆ ರಾಗಿಯ ವಾಡೆಯ ಮುಚ್ಚಳ ತೆಗೆಯುವ ಹಾಗಿಲ್ಲ. ನನ್ನ ಬೆನ್ನಿಗೆ ಹುಟ್ಟಿದ ಎರಡು ಗಂಡುಕೂಸುಗಳು ಉಳಿಯಲಿಲ್ಲ. ಅದನ್ನು ಅಜ್ಜಿ ಬಾಯಿಬಿಟ್ಟು ಅವ್ವನ ಕೈಗೆ ಗಂಟು ಹಾಕಲಿಲ್ಲ, ಆದರೆ ಹಾಕಿದ್ದಾಳೆ ಅಂತ ಎಲ್ಲರಿಗೂ ಗೊತ್ತಿತ್ತು. ಅವ್ವ ಕೊರಟಗೆರೆ ಕಡೆಯವಳು. ಅವಳಿಗೆ ಒಂದು ಹೆಸರು ಇತ್ತು ಅನ್ನುವುದೇ ನಮ್ಮ ಮನೆಯಲ್ಲಿ ಮರೆತುಹೋಗಿತ್ತು, ಅಜ್ಜಿ ಅವಳನ್ನು ಕರೆಯುತ್ತಿದ್ದದ್ದು ಕೊರಟಗೆರೆಯೋಳು ಅಂತ. ಅವ್ವ ಬಾಯಿಲ್ಲದವಳೇನೂ ಅಲ್ಲ. ಅಜ್ಜಿಯ ಎದುರು ಆಡದ ಮಾತನ್ನು ರಾಗಿಕಲ್ಲಿನ ಹತ್ತಿರ ಆಡುತ್ತಿದ್ದಳು. ಅವಳು ರಾಗಿ ಬೀಸುವಾಗ ಕಲ್ಲಿನ ಸದ್ದಿಗಿಂತ ಅವಳ ಗೊಣಗಾಟ ಜೋರಾಗಿರುತ್ತಿತ್ತು, ಮಧ್ಯೆ ಮಧ್ಯೆ ಕಲ್ಲನ್ನು ನಿಲ್ಲಿಸಿ ಮೂಗು ಒರೆಸಿಕೊಳ್ಳುತ್ತಿದ್ದಳು.

ನಾನು ಹೇಳುತ್ತಿರುವ ವರ್ಷ ನನಗೆ ಹತ್ತು ತುಂಬಿತ್ತು. ಶಿವರಾತ್ರಿಯ ಹೊತ್ತಿಗೆ ಅವ್ವ ಕೂರಿಸಿದ್ದ ಹೇಟೆಯ ಕೆಳಗೆ ಮೊಟ್ಟೆಗಳು ಒಡೆಯಲು ಶುರುವಾದವು, ಶುರುವಾದಲ್ಲಿಗೇ ನಿಂತವು. ಒಂದೊಂದು ಮೊಟ್ಟೆಯಲ್ಲೂ ಹೆಸರುಕಾಳಿನಷ್ಟು ತೂತು, ತೂತಿನಲ್ಲಿ ಕೊಕ್ಕಿನ ತುದಿ. ಬೆಳಿಗ್ಗೆ ಕೊಕ್ಕು ಅಲ್ಲಾಡುತ್ತಿತ್ತು, ಸಂಜೆಗೆ ಇಲ್ಲ. ನಾನು ತಡೆಯಲಾರದೆ ಒಂದನ್ನು ಸುಲಿದೆ. ಚಿಪ್ಪಿನ ಒಳಗಿನ ಪೊರೆ ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಮರಿಯ ಮೈಗೆ ಅಂಟಿಕೊಂಡಿತ್ತು. ಎಳೆದರೆ ಪೊರೆಯ ಜೊತೆಗೆ ತುಪ್ಪಳ ಬಂತು, ರಕ್ತ ಬಂತು. ಕೂಗುತ್ತಾ ಕೂಗುತ್ತಾ ಅದು ನನ್ನ ಅಂಗೈಯಲ್ಲೇ ಸತ್ತಿತು. ಅವ್ವ ಹದಿಮೂರನ್ನೂ ಮೊರಕ್ಕೆ ಹಾಕಿಕೊಂಡು ಹೋಗಿ ತಿಪ್ಪೆಯಲ್ಲಿ ಹೂತು ಬಂದಳು, ಬಂದವಳೇ ಕೈ ತೊಳೆಯಲು ಕೂತು ಮಣ್ಣು ಹೋದ ಮೇಲೂ ತೊಳೆಯುತ್ತಲೇ ಇದ್ದಳು. ಅಪ್ಪ ನೋಡಿ ಏನೂ ಅನ್ನಲಿಲ್ಲ. ಅಪ್ಪ ಯಾವತ್ತೂ ಏನೂ ಅನ್ನುತ್ತಿರಲಿಲ್ಲ, ಅದೂ ನನ್ನ ಸಿಟ್ಟಿನ ಪಟ್ಟಿಯಲ್ಲಿದೆ.

ಅದಾದ ವಾರಕ್ಕೆ ಅಪ್ಪನ ತಂಗಿ ಪುಟ್ಟತ್ತೆ ಚೊಚ್ಚಲು ಹೆರಿಗೆಗೆ ತವರಿಗೆ ಬಂದಳು, ಏಳು ತಿಂಗಳ ಬಸುರಿ. ಅವ್ವ ಮದುವೆಯಾಗಿ ಬಂದಾಗ ಪುಟ್ಟತ್ತೆ ಆರು ವರ್ಷದ ಹುಡುಗಿಯಂತೆ. ಹೇನು ತೆಗೆದದ್ದು, ಜಡೆ ಹಾಕಿದ್ದು, ಜ್ವರ ಬಂದರೆ ಪಕ್ಕದಲ್ಲಿ ಮಲಗಿಸಿಕೊಂಡದ್ದು ಎಲ್ಲ ಅವ್ವನೇ. ನಮ್ಮ ಕಡೆ ಕೂಸು ಹುಟ್ಟಿ ಮೈ ತೊಳೆದ ಮೇಲೆ, ತಾಯಿಯ ಎದೆಗೆ ಹಾಕುವ ಮುಂಚೆ, ಮನೆಯ ಹೆಂಗಸೊಬ್ಬಳು ಕಿರುಬೆರಳಿನಲ್ಲಿ ಒಂದು ಹನಿ ಹರಳೆಣ್ಣೆ ನೆಕ್ಕಿಸುತ್ತಾಳೆ. ನೆಕ್ಕಿಸಿದವಳ ಗುಣ, ಆಯುಸ್ಸು ಕೂಸಿಗೆ ಬರುತ್ತದೆ ಅನ್ನುವ ನಂಬಿಕೆ. ಪುಟ್ಟತ್ತೆ ಬಂದ ದಿನವೇ, ಮುದ್ದೆ ಹುರುಳಿಸಾರು ಉಣ್ಣಲು ಕೂತಾಗ, ತಲೆ ಎತ್ತದೆ ಹೇಳಿದಳು.

"ಅವ್ವ, ನನ್ನ ಮಗೀಗೆ ಎಣ್ಣೆ ಅತ್ಗೆನೇ ನೆಕ್ಕಿಸ್ಬೇಕು. ಈಗ್ಲೇ ಹೇಳಿವ್ನಿ."

ಅಜ್ಜಿ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೇ ಇಟ್ಟಳು.

"ಹದ್ಮೂರು ಮೊಟ್ಟೆ ತಿಪ್ಪೆಗಾಕಿ ಬರೀ ವಾರ ಆಗೈತೆ ಕಣೆ. ಆ ಕೈನಾ ಕೂಸಿನ ಬಾಯಿಗಿಡಾದು?"

"ಕೋಳಿಗೂ ಕೂಸಿಗೂ ಏನವ್ವ?"

"ನಿಂಗೇನು ಗೊತ್ತು. ನಾನು ನೋಡಿವ್ನಿ."

ಅವ್ವ ಒಲೆಯ ಮುಂದೆ ನಮಗೆ ಬೆನ್ನು ಹಾಕಿ ಕೂತಿದ್ದಳು. ಸೌದೆಯನ್ನು ಮುಂದಕ್ಕೆ ತಳ್ಳಿದಳು, ಉರಿ ಸರಿಯಾಗಿದ್ದರೂ ಮತ್ತೆ ತಳ್ಳಿದಳು. ಪುಟ್ಟತ್ತೆ ತಟ್ಟೆ ಬಿಟ್ಟು ಎದ್ದಳು. ಬಸುರಿ ಹೆಂಗಸು ಉಣ್ಣದೆ ಏಳುವುದು ಅಜ್ಜಿ ತಡೆದುಕೊಳ್ಳುವ ಸಂಗತಿಯಲ್ಲ. ಎರಡು ಹೊತ್ತು ಹೀಗಾದ ಮೇಲೆ ಅಜ್ಜಿಯೇ ಒಂದು ದಾರಿ ಮಾಡಿದಳು. ಕೊರಟಗೆರೆಯೋಳು ಇನ್ನೊಂದು ಹೇಟೆ ಕೂರಿಸಲಿ, ಅರ್ಧಕ್ಕಿಂತ ಹೆಚ್ಚು ಮರಿ ಆದರೆ ನನ್ನ ತಕರಾರಿಲ್ಲ, ಎಣ್ಣೆ ಅವಳೇ ನೆಕ್ಕಿಸಲಿ ಅಂದಳು. ಅವ್ವ ಆಗಲೂ ತಿರುಗಲಿಲ್ಲ, ಹೂಂ ಅಂದಳು. ಆದರೆ ಆ ರಾತ್ರಿ ಅವಳು ನನ್ನ ತಲೆ ಬಾಚಿ, ಹಾಕಿದ ಜಡೆಯನ್ನು ಬಿಚ್ಚಿ ಮತ್ತೆ ಹಾಕಿದಳು. ಅವಳಿಗೆ ಆ ಒಂದು ಹನಿ ಎಣ್ಣೆ ಬೇಕಾಗಿತ್ತು, ಬೇರೆ ಯಾವುದನ್ನೂ ಅವಳು ಅಷ್ಟು ಬಯಸಿದ್ದನ್ನು ನಾನು ಕಂಡಿಲ್ಲ.

ಮಾರನೆಯ ದಿನ ಹಿತ್ತಿಲಲ್ಲಿ ಅವಳನ್ನು ಹಿಡಿದು ಕೇಳಿದೆ.

"ಅವ್ವ, ನಿಮ್ಮೂರಾಗೂ ಮರಿ ಇಂಗೇ ಸಾಯ್ತಾವಾ?"

"ನಮ್ಮೂರಾಗೆ ಯಾರೂ ಅಟ್ಟದ ಮ್ಯಾಲೆ ಕೂರ್ಸಲ್ಲ ಕಣೆ ಕೆಂಪಿ. ನೀರ್ ಗಡಿಗೆ ಮಗ್ಗುಲಾಗೆ, ಒದ್ದೆ ಮರಳಿನ ಮ್ಯಾಲೆ ಕುಕ್ಕೆ ಇಡ್ತಾರೆ. ತಂಪಿರ್ಬೇಕು. ಇಲ್ಲಿ ಹೇಳಿದ್ರೆ ಕೇಳೋರ್ಯಾರು?"

ಹೇಳಿದ್ದಳಂತೆ, ಮದುವೆಯಾದ ಹೊಸದರಲ್ಲಿ ಒಂದು ಸಲ. ಮೊಟ್ಟೆಯ ಹತ್ತಿರ ನೀರು ತರುವುದು ಸತ್ತವರಿಗೆ ಎಳ್ಳುನೀರು ಬಿಟ್ಟ ಹಾಗೆ ಅಂತ ಅಜ್ಜಿ ಮೂರು ದಿನ ಮಾತು ಬಿಟ್ಟಿದ್ದಳಂತೆ. ಅಲ್ಲಿಗೆ ಅವ್ವ ಸುಮ್ಮನಾದಳು. ಅವ್ವ ಇನ್ನೂ ಏನೋ ಹೇಳುವವಳಿದ್ದಳು, ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಕೂಗಿದಳು, ಹೋದಳು. ನನಗೆ ಕೇಳಿಸಿದ್ದು ನೀರು ಅನ್ನುವುದೊಂದೇ. ನಾನು ಆಗಲೇ ಎಲ್ಲ ತಿಳಿದವಳ ಹಾಗೆ ಮೆರೆಯುತ್ತಾ ನಡೆದೆ. ಆ ಅರ್ಧ ಮಾತು ನಮ್ಮನ್ನು ಎಲ್ಲಿಗೆ ಒಯ್ದಿತು ಅನ್ನುವುದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಹೇಟೆ ದಿನಕ್ಕೊಮ್ಮೆ ಕಾವು ಬಿಟ್ಟು ಇಳಿಯುತ್ತದೆ, ಕಾಳು ತಿಂದು, ಹಿಕ್ಕೆ ಹಾಕಿ, ತಿಪ್ಪೆ ಕೆದರಿ, ಮೈ ಕೊಡವಿ ವಾಪಸು ಬರುತ್ತದೆ. ಅದನ್ನು ಇಳಿಸಿ ಹತ್ತಿಸುವ ಕೆಲಸ ನನ್ನದಾಗಿತ್ತು. ಏಣಿಯ ಮೇಲೆ ನನ್ನನ್ನು ಯಾರೂ ಕೇಳುವವರಿರಲಿಲ್ಲ. ಮೊದಲನೆಯ ಗಂಟಿನ ದಿನದಿಂದಲೇ ಹೇಟೆ ಇಳಿದ ಕೂಡಲೆ ತೆಂಗಿನ ಚಿಪ್ಪಿನಲ್ಲಿ ತಣ್ಣೀರು ಒಯ್ದು ಮೊಟ್ಟೆಗಳ ಮೇಲೆ ಚಿಮುಕಿಸುತ್ತಿದ್ದೆ. ಬೆಳಿಗ್ಗೆ ಚಿಮುಕಿಸಿದ್ದು ಸಾಲದೇನೋ ಅಂತ ಸಂಜೆ ಹೇಟೆಯ ರೆಕ್ಕೆ ಎತ್ತಿ ಇನ್ನಷ್ಟು. ಕುಕ್ಕೆಯೊಳಗಿನ ಬೂದಿ ರಾಡಿಯಾಯಿತು, ಮೊಟ್ಟೆ ಮಾಸಲಾದವು, ನನಗೆ ಅದು ಒಳ್ಳೆಯ ಲಕ್ಷಣವಾಗಿ ಕಂಡಿತು. ಯಾರಿಗೂ ಹೇಳಲಿಲ್ಲ, ಅವ್ವನಿಗೂ. ಮರಿಗಳು ಆದ ಮೇಲೆ ಹೇಳಿ ಎಲ್ಲರ ಬಾಯಿ ಮುಚ್ಚಿಸುವ ಆಸೆ. ಇಪ್ಪತ್ತೊಂದನೆಯ ಗಂಟು ಬಿತ್ತು, ಸದ್ದಿಲ್ಲ. ಇಪ್ಪತ್ತಮೂರಕ್ಕೆ ಅವ್ವ ಮೊಟ್ಟೆಗಳನ್ನು ಕೆಳಗೆ ತಂದು ಒಡೆದು ನೋಡಿದಳು. ನಾಲ್ಕು ಕೊಳೆತು ನಾರುತ್ತಿದ್ದವು. ಮಿಕ್ಕವುಗಳಲ್ಲಿ ಮರಿ ಪೂರ್ತಿ ಬೆಳೆದಿತ್ತು, ಆದರೆ ಮೈಯೆಲ್ಲ ಊದಿಕೊಂಡು, ಚಿಪ್ಪಿನೊಳಗಿನ ನೀರಿನಲ್ಲೇ ಮುಳುಗಿ ಸತ್ತಿತ್ತು.

"ಇನ್ನೇನು ನೋಡಾದೈತೆ?" ಅಂದಳು ಅಜ್ಜಿ. ಅವಳ ದನಿಯಲ್ಲಿ ಗೆದ್ದ ಹಿಗ್ಗು ಇರಲಿಲ್ಲ. ನಿಜವಾಗಿ ಹೆದರಿದ್ದಳು, ಮಗಳ ಹೊಟ್ಟೆಯ ಕಡೆ ನೋಡುತ್ತಿದ್ದಳು. ಅದಕ್ಕೇ ಅವಳ ಮೇಲೆ ಪೂರಾ ಸಿಟ್ಟು ಮಾಡಿಕೊಳ್ಳಲೂ ನನ್ನಿಂದ ಆಗುವುದಿಲ್ಲ, ಅದೊಂದು ಬೇರೆ ಹಿಂಸೆ.

ಅವ್ವ ರಾಡಿಯಾದ ಕುಕ್ಕೆಯ ತಳವನ್ನು ಬೆರಳಿನಲ್ಲಿ ಕೆರೆದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಹಿತ್ತಿಲಿಗೆ ಎಳೆದುಕೊಂಡು ಹೋಗಿ ಕೇಳಿದಳು, ನಾನು ಒಪ್ಪಿಕೊಂಡೆ. ಕೆನ್ನೆಗೆ ಬಿತ್ತು. ಜೀವಮಾನದಲ್ಲಿ ಅವ್ವ ನನಗೆ ಹೊಡೆದದ್ದು ಅದೊಂದೇ ಏಟು.

"ಪೂರ್ತಿ ಕೇಳಿಸ್ಕಳ್ದೆ ಯಾಕೆ ಮಾಡ್ದೆ? ನನ್ನ ಮಾನಾನೂ ತೊಳ್ದುಬುಟ್ಟೆ ಅದ್ರ ಜೊತೆಗೆ."

ನಾನು ಅತ್ತೆ, ಅವಳೂ ಅತ್ತಳು, ನನ್ನನ್ನು ಹತ್ತಿರಕ್ಕೆ ಎಳೆದುಕೊಳ್ಳಲಿಲ್ಲ. ನಮ್ಮನ್ನು ಉಳಿಸಿದವಳು ಪುಟ್ಟತ್ತೆ. ಇನ್ನೊಂದು ಸಲ ಅವಕಾಶ ಕೊಡದಿದ್ದರೆ ಗಾಡಿ ಕಟ್ಟಿಸಿಕೊಂಡು ಗಂಡನ ಮನೆಗೇ ಹೋಗಿ ಹೆರುತ್ತೇನೆ ಅಂತ ಹಟ ಹಿಡಿದು ನಡುಮನೆಯಲ್ಲಿ ತನ್ನ ಸೀರೆಗಳನ್ನು ಗಂಟು ಕಟ್ಟಲು ಕೂತಳು. ತವರಿಗೆ ಬಂದ ಚೊಚ್ಚಲು ಬಸುರಿ ಹೆರದೆ ವಾಪಸು ಹೋದರೆ ಊರು ಏನನ್ನುತ್ತದೆ. ಅಜ್ಜಿ ಹಲ್ಲು ಕಚ್ಚಿಕೊಂಡು ಒಪ್ಪಿದಳು, ಇದೇ ಕಡೆ ಅಂದಳು. ದಿನ ಎಣಿಸಿದರೆ ಮರಿ ಒಡೆಯುವುದಕ್ಕೂ ಪುಟ್ಟತ್ತೆಯ ದಿನ ತುಂಬುವುದಕ್ಕೂ ಸರಿಯಾಗಿ ಬರುತ್ತಿತ್ತು. ಈ ಸಲ ಅಜ್ಜಿಯ ಕಣ್ಣು ಅವ್ವನ ಬೆನ್ನ ಮೇಲೇ. ಮೊಟ್ಟೆ ಇಟ್ಟು ಕೆಳಗಿಳಿದ ಮೇಲೆ ಅವ್ವ ಮತ್ತೆ ಏಣಿ ಹತ್ತುವಂತಿಲ್ಲ, ಮುಟ್ಟಿ ಮುಟ್ಟಿಯೇ ಹೀಗಾಗುತ್ತಿದೆ ಅಂದಳು. ಹಾಗಾಗಿ ಅವ್ವನಿಗೆ ಇದ್ದ ಕೈ ನನ್ನದೊಂದೇ.

ಅವ್ವ ಈಗ ಪೂರ್ತಿ ಹೇಳಿದಳು. ಏಳನೆಯ ಗಂಟಿನ ದಿನ ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಒಂದು ಮೊಟ್ಟೆಯನ್ನು ಉಡಿಯಲ್ಲಿಟ್ಟುಕೊಂಡು ಬರಲು ಹೇಳಿ, ಗವಾಕ್ಷಿಯ ಬಿಸಿಲ ಕೋಲಿನಲ್ಲಿ ಎರಡೂ ಅಂಗೈ ಮುಚ್ಚಿ ಹಿಡಿದು ತೋರಿಸಿದಳು. ಒಳಗೆ ಕೆಂಪು, ಜೇಡರ ಕಾಲಿನ ಹಾಗೆ ನರಗಳು, ನಡುವೆ ಒಂದು ಕಪ್ಪು ಚುಕ್ಕೆ. ದಪ್ಪ ತುದಿಯಲ್ಲಿ ಮಾತ್ರ ಖಾಲಿ, ಅಲ್ಲಿ ಬೆಳಕು ಬೆಳ್ಳಗೆ ನಿಂತಿತ್ತು.

"ಈ ಖಾಲಿ ಜಾಗ ನೋಡು. ಮರಿ ಕೊನೆಗೆ ಉಸಿರು ಎಳ್ಕಳಾದು ಇಲ್ಲಿಂದ. ದಿನಾ ಚೂರು ಚೂರೇ ದೊಡ್ಡದಾಗ್ಬೇಕು. ನೀನು ನೀರು ಹೊಯ್ದಿದ್ದಕ್ಕೆ ಅದು ದೊಡ್ಡದೇ ಆಗ್ಲಿಲ್ಲ, ಮರಿ ಮುಳುಗೋಯ್ತು. ಶಿವರಾತ್ರೀಲಿ ತೀರಾ ದೊಡ್ಡದಾಗ್ಬುಡ್ತು, ಮರಿ ಒಣಗೋಯ್ತು."

"ಅಂಗಾರೆ ನೀರು ಬೇಕಾ ಬ್ಯಾಡ್ವಾ?"

"ಹದ್ನೆಂಟು ಗಂಟಿನ ತಂಕ ಮೊಟ್ಟೆಗೆ ಒಂದು ಹನಿ ಬೀಳಂಗಿಲ್ಲ, ಕುಕ್ಕೇನ ಒಲೆ ನೆತ್ತಿಯಿಂದ ಆ ತುದೀಗೆ ಸರಿಸು, ಅಷ್ಟೇ ಸಾಕು. ಹದ್ನೆಂಟಕ್ಕೆ ಗೋಣಿಚೀಲ ಬಿಸ್ನೀರಾಗೆ ನೆನ್ಸಿ ಕುಕ್ಕೆ ಕೆಳಗೆ ಹಾಸು. ಆಮ್ಯಾಕೆ ಮರಿ ಬರೋ ತಂಕ ಹೇಟೇನ ಎತ್ತಿ ನೋಡ್ಬ್ಯಾಡ. ಯಾರ್ನೂ ನೋಡಕ್ಕೆ ಬುಡಬ್ಯಾಡ. ನೀನು ರೆಕ್ಕೆ ಎತ್ತಿದ್ರೆ ಒಳಗಿನ ತೇವ ಅಲ್ಲಿಗೇ ಹಾರೋಯ್ತದೆ."

"ತೇವ ಸಾಕಾ ಸಾಲ್ದಾ ಅಂತ ಹೆಂಗೆ ತಿಳೀತದೆ?"

ಕೊರಟಗೆರೆಯಲ್ಲಿ ಅಟ್ಟದ ಮೇಲೆ ಕೂರಿಸಿದವರೇ ಇಲ್ಲ, ಅವ್ವನಿಗೂ ಇದು ಹೊಸದು. ತಲೆ ಎತ್ತಿ ಅಟ್ಟದ ಕಡೆ ನೋಡಿದಳು.

"ಕುಕ್ಕೆ ಮಗ್ಗುಲಾಗೆ ಮೆಣಸಿನಕಾಯಿ ಐತಲ್ಲ, ಒಂದ್ ತಗಂಡು ಅಲ್ಲಾಡ್ಸು. ಗಿಲಗಿಲ ಅಂದ್ರೆ ನೀರು ಸಾಲ್ದು. ಸದ್ದು ನಿಂತು ತೊಗಲು ಮೆತ್ತಗಾದ್ರೆ ಸಾಕು. ಅಂಟಂಟಾದ್ರೆ ಜಾಸ್ತಿ ಆಯ್ತು ಅಂತ, ಗೋಣಿ ತೆಗಿ."

ಎಷ್ಟು ಸುಲಭವಾದ ಮಾತು. ಹನ್ನೆರಡು ವರ್ಷ ಆ ಮನೆಯಲ್ಲಿ ಬಾಳಿದ ಹೆಂಗಸಿನ ತಲೆಯಲ್ಲಿ ಇಷ್ಟೆಲ್ಲ ಇತ್ತು, ಒಬ್ಬರಾದರೂ ಒಂದು ಸಲವಾದರೂ ಕೇಳಿದ್ದರೆ.

ಆ ಮೂರು ವಾರ ನಾನು ಊಟ ಮಾಡಿದ್ದು ನೆನಪಿಲ್ಲ. ಹದಿನೇಳು ಗಂಟಿನ ತನಕ ಕೈ ಕಟ್ಟಿಕೊಂಡು ಕೂರುವುದೇ ಕಷ್ಟವಾಗಿತ್ತು. ಹದಿನೆಂಟನೆಯ ಗಂಟಿನ ಬೆಳಿಗ್ಗೆ ಹೇಟೆ ಇಳಿದಾಗ ಹಂಡೆಯ ಬಿಸಿನೀರಿನಲ್ಲಿ ಗೋಣಿ ನೆನೆಸಿ, ಹಿಂಡಿ, ಲಂಗದ ಕೆಳಗೆ ಮುಚ್ಚಿಕೊಂಡು ಏಣಿ ಹತ್ತಿದೆ. ತೊಡೆಯೆಲ್ಲ ಒದ್ದೆಯಾಗಿ ನೀರು ಇಳಿಯುತ್ತಿದ್ದದ್ದನ್ನು ಪುಟ್ಟತ್ತೆ ನೋಡಿ ಮುಖ ತಿರುಗಿಸಿಕೊಂಡು ನಕ್ಕಳು. ಕುಕ್ಕೆ ಎತ್ತಿ ಕೆಳಗೆ ಹಾಸಿದೆ. ಮಧ್ಯಾಹ್ನಕ್ಕೆ ಹೋಗಿ ಮೆಣಸಿನಕಾಯಿ ಅಲ್ಲಾಡಿಸಿದರೆ ಗಿಲಗಿಲ. ಒಲೆಯ ಬಿಸಿಗೆ ಗೋಣಿ ಆಗಲೇ ಒಣಗಿತ್ತು. ಮತ್ತೆ ನೆನೆಸಿದೆ. ಸಂಜೆಗೆ ಮತ್ತೆ ಗಿಲಗಿಲ. ಆ ಸದ್ದು ಕೇಳಿದರೆ ನನಗೆ ಅಳು ಬರುತ್ತಿತ್ತು. ಕೊನೆಗೆ ಮೆಣಸಿನಕಾಯಿ ರಾಶಿಯ ಹಿಂದೆ ಅಗಲ ಬಾಯಿಯ ಮಣ್ಣಿನ ಬೋಗುಣಿಯಲ್ಲಿ ಬಿಸಿನೀರು ಇಟ್ಟು, ಹಳೇ ಕಂಬಳಿಯೊಂದನ್ನು ಅಟ್ಟದ ತೊಲೆಗೆ ಅಡ್ಡ ಕಟ್ಟಿದೆ. ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಒಂದು ಮೆಣಸಿನಕಾಯಿ ತೆಗೆದು ಅಲ್ಲಾಡಿಸಿದೆ, ಸದ್ದು ಬರಲಿಲ್ಲ. ಬಗ್ಗಿಸಿದರೆ ಬಗ್ಗಿತು. ಅದನ್ನು ಒಯ್ದು ಅವ್ವನ ಕೈಗೆ ಕೊಟ್ಟೆ. ಅವಳು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಅಜ್ಜಿ ಸಾರಿಗೆ ಖಾರ ಕುಟ್ಟಲು ಕೂತಳು. ಅಟ್ಟದಿಂದ ಮೆಣಸಿನಕಾಯಿ ತಂದುಕೊಟ್ಟವಳು ನಾನೇ, ಬೇರೆ ದಾರಿ ಇರಲಿಲ್ಲ. ಒನಕೆ ಎತ್ತಿ ಹಾಕಿದಳು. ಪುಡಿಯಾಗಬೇಕಾದ ಮೆಣಸಿನಕಾಯಿ ಒನಕೆಯ ತುದಿಗೆ ಮೆತ್ತಿಕೊಂಡು ಬಂತು.

"ಇದ್ಯಾಕೆ ನುಲೀತೈತೆ? ಒಲೆ ಮ್ಯಾಲಿನ ಮೆಣಸಿನಕಾಯಿಗೆ ನೀರೆಲ್ಲಿಂದ ಬಂತು?"

ಯಾರೂ ಉತ್ತರ ಕೊಡುವ ಮೊದಲೇ ಅಟ್ಟದಿಂದ ಒಂದು ಚಿಂವ್ ಸದ್ದು. ಅದರ ಹಿಂದೆ ಇನ್ನೊಂದು. ಅಜ್ಜಿ ಒನಕೆ ಬಿಟ್ಟು, ಆ ವಯಸ್ಸಿನಲ್ಲಿ, ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದಳು. ನಾವು ಮೂವರೂ ಕೆಳಗೆ ನಿಂತಿದ್ದೆವು. ಪುಟ್ಟತ್ತೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಮೇಲೆ ಕಂಬಳಿ ಸರಿಸಿದ ಸದ್ದು, ಬೋಗುಣಿ ತಗುಲಿದ ಸದ್ದು. ಅಜ್ಜಿ ಕುಕ್ಕೆ ಮುಟ್ಟದೆ ಇಳಿದು ಬಂದಳು. ಕೈಯಲ್ಲಿ ಒದ್ದೆ ಗೋಣಿಯ ಒಂದು ಎಳೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಎಣಿಸಿದಾಗ ಹನ್ನೊಂದು ಮರಿ. ಅಜ್ಜಿ ಆ ಎಳೆಯನ್ನು ಎತ್ತಿ ಹಿಡಿದಳು.

"ಯಾರು ಮಾಡಿದ್ದು ಇದ್ನ?"

ನೀರು ಒಯ್ದದ್ದಕ್ಕೆ ಅವ್ವನಿಗೆ ಬೈಗುಳ ಬೀಳುತ್ತದೆ ಅಂತ ನನ್ನ ತಲೆಗೆ ಬಂತು. ಎಳ್ಳುನೀರಿನ ಮಾತು, ಮೂರು ದಿನ ಮಾತು ಬಿಟ್ಟದ್ದು ಎಲ್ಲ ನೆನಪಾಗಿ, ಅವ್ವ ಬಾಯಿ ತೆಗೆಯುವ ಮುಂಚೆ ಮುಂದಕ್ಕೆ ನುಗ್ಗಿದೆ.

"ನಾನೇ ಕಣಜ್ಜಿ. ಎಲ್ಲಾ ನಾನೇ ಮಾಡಿದ್ದು. ಮೊಟ್ಟೆ ಇಟ್ಮ್ಯಾಕೆ ಅವ್ವ ಏಣಿ ಮುಟ್ಟೇ ಇಲ್ಲ."

ಅಜ್ಜಿ ಬೈಯಲಿಲ್ಲ. ನನ್ನ ಬಲಗೈಯನ್ನು ಹಿಡಿದು, ಅಂಗೈ ಮೇಲೆ ಮಾಡಿ, ಬಿಸಿಲ ಕೋಲಿನ ಹತ್ತಿರ ಒಯ್ದು ನೋಡಿದಳು. ಅವಳ ಕಣ್ಣು ತುಂಬಿತ್ತು.

"ಕೈಗುಣ ಅಂದ್ರೆ ಇದು. ನಂದೇ ಬಂದೈತೆ ಇವಳ್ಗೆ. ನೀರು ಹೊಯ್ದ್ರೂ ಮರಿ ಆಗ್ಯಾವೆ ಅಂದ್ರೆ ನೋಡು."

ಆಗ ನನಗೆ ಏನಾಯಿತು ಅಂತ ತಿಳಿಯಿತು. ಕೈ ಕಿತ್ತುಕೊಳ್ಳಲು ನೋಡಿದೆ, ಬಿಡಲಿಲ್ಲ. ಹೇಳಿದ್ದೆಲ್ಲ ಅವ್ವನೇ, ಗೋಣಿ ಅವ್ವ ಹೇಳಿದ್ದು, ಮೆಣಸಿನಕಾಯಿ ಅವ್ವ ಹೇಳಿದ್ದು, ಇದು ಕೈ ಅಲ್ಲ, ನೀರು, ಬರೀ ನೀರು ಅಂತ ಬಿಕ್ಕಿ ಬಿಕ್ಕಿ ಕೂಗಿದೆ. ಅಜ್ಜಿ ನನ್ನ ತಲೆ ಸವರಿದಳು.

"ನೀರು ಎಲ್ಲಾರ ಮನೇಲೂ ಐತೆ ಕಣೆ. ಎಲ್ಲಾರ ಮನೇಲೂ ಹನ್ನೊಂದು ಮರಿ ಆಗ್ಯಾವಾ?"

ಅವ್ವ ಒರಳಿನ ಮುಂದೆ ಕೂತು, ಅಜ್ಜಿ ಬಿಟ್ಟ ಒನಕೆ ಎತ್ತಿಕೊಂಡು, ಮೆತ್ತಗಿನ ಮೆಣಸಿನಕಾಯಿಯನ್ನು ಕುಟ್ಟತೊಡಗಿದಳು. ಪುಟ್ಟತ್ತೆ ಎಷ್ಟು ಜಗಳವಾಡಿದರೂ ಅಜ್ಜಿ ಜಗ್ಗಲಿಲ್ಲ. ಒಪ್ಪಂದ ಆದದ್ದು ಕೊರಟಗೆರೆಯೋಳ ಕೈಯಲ್ಲಿ ಮರಿ ಆದರೆ ಅಂತ, ಆದದ್ದು ಕೆಂಪಿಯ ಕೈಯಲ್ಲಿ, ಎಲ್ಲರೂ ಕೇಳಿದ್ದೀರಿ, ಅವಳೇ ತನ್ನ ಬಾಯಲ್ಲಿ ಹೇಳಿದ್ದಾಳೆ. ಅಷ್ಟೇ ಅವಳ ವಾದ. ನಾಲ್ಕು ದಿನಕ್ಕೆ, ಒಂದು ಮಧ್ಯಾಹ್ನ, ಪುಟ್ಟತ್ತೆ ಗಂಡುಮಗು ಹೆತ್ತಳು. ಸೂಲಗಿತ್ತಿ ಮೈ ತೊಳೆದಾದ ಮೇಲೆ ಅಜ್ಜಿ ಒಳಗಿನಿಂದ ನನ್ನ ಹೆಸರು ಕೂಗಿದಳು. ನಾನು ಒಲ್ಲೆ ಅಂತ ಗಡಿಗೆಗಳ ಹಿಂದೆ ಕೂತಿದ್ದೆ. ಅವ್ವ ಬಂದು ಎಬ್ಬಿಸಿದಳು, ಬಚ್ಚಲಿಗೆ ಕರೆದುಕೊಂಡು ಹೋಗಿ ಬಿಸಿನೀರು ಹೊಯ್ದು, ಸೀಗೆಪುಡಿ ಹಾಕಿ, ನನ್ನ ಒಂದೊಂದು ಬೆರಳನ್ನೂ ತಿಕ್ಕಿ ತೊಳೆದಳು.

"ಉಗುರಾಗೆ ಖಾರ ಇರ್ತದೆ, ಕೂಸಿನ ನಾಲ್ಗೆ ಉರೀತದೆ," ಅಂದಳು.

ಹೋಗಿ ನೆಕ್ಕಿಸಿದೆ. ಕೂಸು ನನ್ನ ಕಿರುಬೆರಳನ್ನು ಬಿಗಿಯಾಗಿ ಚೀಪಿತು. ಪುಟ್ಟತ್ತೆ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು.

ಅಲ್ಲಿಂದ ಮುಂದೆ ಊರಲ್ಲಿ ಯಾರ ಮನೆಯ ಹೇಟೆ ಕಾವಿಗೆ ಕೂತರೂ ಮೊಟ್ಟೆ ಇಡಲು ನನ್ನನ್ನೇ ಕರೆಯುತ್ತಿದ್ದರು. ಹೋದ ಮನೆಯಲ್ಲೆಲ್ಲ ಹೇಳಿದೆ, ಹದಿನೆಂಟನೆಯ ಗಂಟಿಗೆ ಗೋಣಿ ನೆನೆಸಿ ಹಾಸಿ, ನಮ್ಮವ್ವ ಹೇಳಿಕೊಟ್ಟದ್ದು ಅಂತ. ಹೂಂ ಅಂತ ತಲೆ ಆಡಿಸಿ ಮೊಟ್ಟೆಯನ್ನು ನನ್ನ ಅಂಗೈಗೆ ಇಡುತ್ತಿದ್ದರು. ಗೋಣಿ ನೆನೆಸಿದವರು ಒಬ್ಬರೂ ಇಲ್ಲ.

ನನಗೆ ಮದುವೆಯಾಗಿ ಚೊಚ್ಚಲು ಹೆರಿಗೆಗೆ ಅದೇ ಮನೆಗೆ ಬರುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಅಡ್ಡ ಹೇಳುವವರೇ ಇರಲಿಲ್ಲ. ಎಣ್ಣೆ ಅವ್ವನೇ ನೆಕ್ಕಿಸಬೇಕು ಅಂತ ನಾನು ಬಸುರಿಯಾದ ದಿನದಿಂದ ಅಂದುಕೊಂಡಿದ್ದೆ, ಹತ್ತು ವರ್ಷದವಳಾಗಿದ್ದಾಗ ಮಾಡಿದ್ದನ್ನು ಅವತ್ತಿಗೆ ಸರಿ ಮಾಡಿಬಿಡುತ್ತೇನೆ ಅಂತ. ಮಗಳು ಹುಟ್ಟಿದಳು. ಅವ್ವ ಎಣ್ಣೆಯ ಬಟ್ಟಲನ್ನು ತಂದು ನನ್ನ ಪಕ್ಕದಲ್ಲಿ ಇಟ್ಟು, ಎರಡೂ ಕೈಯನ್ನು ಸೆರಗಿನ ಒಳಗೆ ತೆಗೆದುಕೊಂಡಳು.

"ನೆಕ್ಕಿಸವ್ವ," ಅಂದೆ.

"ಬ್ಯಾಡ ಮಗಾ."

"ನೀನೇ ಅಲ್ವಾ ನಂಗೆ ಹೇಳ್ಕೊಟ್ಟಿದ್ದು, ಅದೆಲ್ಲ ನೀರು ಅಂತ?"

"ಅದು ಕೋಳಿಗೆ ಕಣೆ," ಅಂದಳು ಅವ್ವ, ಕೂಸಿನಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದು. "ಇದು ನಿನ್ನ ಕೂಸು. ನನ್ನ ಕೈಯಾಗೆ ಎರಡು ಹೋಗ್ಯಾವೆ. ಯಾಕೆ ಬೇಕು, ನಿನ್ನ ಕೈ ಚೆನ್ನಾಗೈತೆ, ನೀನೇ ನೆಕ್ಕಿಸು."

ನಾನು ಅವಳ ಸೆರಗು ಹಿಡಿದು ಎಳೆದೆ, ಬೈದೆ, ಹಸಿ ಬಾಣಂತಿ ಅನ್ನುವುದನ್ನೂ ಮರೆತು ಕೂಗಾಡಿದೆ. ಅವಳು ಕೈ ಹೊರಗೆ ತೆಗೆಯಲಿಲ್ಲ. ಕೂಸು ಅಳತೊಡಗಿತು, ಎಣ್ಣೆ ನಾನೇ ನೆಕ್ಕಿಸಿದೆ.